ಜರ್ಮನಿಯ ಬಿಯರ್ ಸ್ಟೈನ್‌ಗಳು: ಇತಿಹಾಸ ಮತ್ತು ಸಂಗ್ರಹ

ಬಿಯರ್ ಸ್ಟೈನ್: ಒಂದು ಬದಿಗೆ ಹಿಡಿ, ಮೇಲೆ ಕೀಲಿನ ಮುಚ್ಚಳ ಇರುವ ಜರ್ಮನ್ ಪಾನಪಾತ್ರೆ. ಜರ್ಮನರು ಇದನ್ನು ಸಾಮಾನ್ಯವಾಗಿ ಕ್ರೂಗ್ ಎನ್ನುತ್ತಾರೆ. ಸ್ಟೈನ್ ಎಂಬುದು ಇಂಗ್ಲಿಷಿನಲ್ಲಿಯೂ ಸಂಗ್ರಾಹಕರ ನಡುವೆಯೂ ನೆಲೆಯೂರಿದ ಹೆಸರು. ಹೆಚ್ಚಿನವು ಗಟ್ಟಿ ಸುಟ್ಟ ಸ್ಟೋನ್‌ವೇರ್ ಮಣ್ಣಿನವು. ಫಯಾನ್ಸ್, ಪಿಂಗಾಣಿ, ಗಾಜು, ಪ್ಯೂಟರ್, ಬೆಳ್ಳಿ, ದಂತ, ಮರ ಇವುಗಳಲ್ಲಿಯೂ ಸ್ಟೈನ್‌ಗಳು ತಯಾರಾಗಿವೆ. ಸುಮಾರು 16ನೆಯ ಶತಮಾನದಿಂದ ಮೊದಲ ಮಹಾಯುದ್ಧದವರೆಗೆ ಜರ್ಮನ್ ಭಾಷೆಯ ನಾಡುಗಳಲ್ಲಿ ಇವುಗಳ ತಯಾರಿಕೆ ನಿರಂತರವಾಗಿ ನಡೆದು, ಪ್ರತಿ ಕಾಲದ ಅಭಿರುಚಿಯನ್ನೂ ತಂತ್ರವನ್ನೂ ಮೈಗೂಡಿಸಿಕೊಂಡಿತು.

ಸ್ಟೈನ್ ಬಹುಮಟ್ಟಿಗೆ ಒಬ್ಬನ ಸ್ವಂತ ಪಾತ್ರೆ. ಆದ್ದರಿಂದಲೇ ಅದರ ಮೇಲೆ ಒಡೆಯನ ಹೆಸರು, ಕಸುಬು, ಊರು, ಮದುವೆಯ ವರ್ಷ, ಸೇವೆ ಸಲ್ಲಿಸಿದ ಸೈನ್ಯದಳ ಇಂಥವೆಲ್ಲ ದಾಖಲಾದವು. ಅರಮನೆಗಳ ಬೆಳ್ಳಿ ಪಾತ್ರೆಗಳು ರಾಜರ ಕಥೆ ಹೇಳಿದರೆ, ಸ್ಟೈನ್‌ಗಳು ಕಟುಕ, ರೊಟ್ಟಿಗಾರ, ವಿದ್ಯಾರ್ಥಿ, ಸಿಪಾಯಿಗಳ ಬದುಕನ್ನು ಉಳಿಸಿಕೊಂಡು ಬಂದಿವೆ. ಇವುಗಳ ಸಂಗ್ರಹಕ್ಕೆ ಇತಿಹಾಸದ ಅಧ್ಯಯನದ ಘನತೆ ಬಂದಿರುವುದು ಈ ಕಾರಣದಿಂದ.

ರಚನೆ

ಸ್ಟೈನ್‌ನಲ್ಲಿ ಎರಡು ಕಸುಬುಗಳು ಕೂಡುತ್ತವೆ. ಪಾತ್ರೆಯ ಮೈಯನ್ನು ಕುಂಬಾರ ಮಾಡುತ್ತಾನೆ; ಮುಚ್ಚಳ, ಕೀಲು, ಹೆಬ್ಬೆರಳಿನಿಂದ ಒತ್ತುವ ಮೆಟ್ಟು ಇವನ್ನು ಪ್ಯೂಟರ್ ಎರಕದವನು ಕೂಡಿಸುತ್ತಾನೆ. ತವರವೇ ಹೆಚ್ಚಾಗಿದ್ದು ಬೇರೆ ಲೋಹಗಳು ಸ್ವಲ್ಪ ಬೆರೆತ ಮಿಶ್ರಲೋಹ ಪ್ಯೂಟರ್. ಹಳೆಯದರಲ್ಲಿ ಸೀಸವೂ ಇರುತ್ತಿತ್ತು. ಹಿಡಿಯ ಮೇಲ್ತುದಿಯನ್ನು ಲೋಹದ ಪಟ್ಟಿ ಬಳಸಿ ಬರುತ್ತದೆ. ಅದರಿಂದ ಮೇಲೆದ್ದ ಕೊರಡಿನಲ್ಲಿ ಕೀಲು ಕೂರುತ್ತದೆ. ಪಾತ್ರೆ ಹಿಡಿದ ಕೈಯ ಹೆಬ್ಬೆರಳೇ ಮುಚ್ಚಳ ತೆರೆಯುವುದರಿಂದ ಇನ್ನೊಂದು ಕೈ ಬೇಕಾಗುವುದಿಲ್ಲ. ಹೆಬ್ಬೆರಳಿನ ಮೆಟ್ಟು ಕೆಲವೊಮ್ಮೆ ಬರಿಯ ಗುಂಡು, ಕೆಲವೊಮ್ಮೆ ಹದ್ದು, ಸಿಂಹ, ಅವಳಿ ಓಕ್ ಕಾಯಿ ಮುಂತಾದ ಆಕಾರಗಳಲ್ಲಿರುತ್ತದೆ. ಪಾತ್ರೆ ಎಲ್ಲಿಯದು, ಯಾವ ಕಾಲದ್ದು ಎಂಬುದಕ್ಕೆ ಈ ಆಕಾರ ಒಂದು ಸುಳಿವು.

ಪ್ಲೇಗಿನ ಕಾಲದಲ್ಲಿ ಬಂದ ಕಾನೂನಿನಿಂದಲೇ ಮುಚ್ಚಳ ಹುಟ್ಟಿತೆಂಬ ಮಾತು ಬಹಳ ಪ್ರಚಾರದಲ್ಲಿದೆ. ಆದರೆ ಆ ಕಾನೂನು ಬಂತೆನ್ನುವ ಕಾಲಕ್ಕಿಂತ ಮೊದಲೇ, 14ನೆಯ ಶತಮಾನದ ಉತ್ತರ ಜರ್ಮನಿಯ ಪ್ಯೂಟರ್ ಹೂಜಿಗಳಿಗೂ ಕೀಲಿನ ಮುಚ್ಚಳವಿತ್ತು. ನೊಣ, ದೂಳು, ಬಯಲಿನಲ್ಲಿ ಕೂತು ಕುಡಿಯುವಾಗ ಮರದಿಂದ ಉದುರುವ ಎಲೆ ಇವುಗಳಿಂದ ಕಾಪಾಡುವ ಸಾಧನವಾಗಿ ಅದು ಬಳಕೆಯಲ್ಲಿ ಉಳಿಯಿತು. ಹೆಸರು, ವರ್ಷ ಕೆತ್ತಿಸಲು ಜಾಗ ಒದಗಿಸಿದ್ದೂ ಮುಚ್ಚಳವೇ.

ಸ್ಟೋನ್‌ವೇರ್ ಮತ್ತು ಉಪ್ಪಿನ ಮೆರುಗು

ಸಾಮಾನ್ಯ ಮಡಕೆಯಿಂದ ದ್ರವ ಜಿನುಗುತ್ತದೆ. ಸ್ಟೋನ್‌ವೇರ್‌ನ ಮಣ್ಣನ್ನು 1200 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಸುಡುವುದರಿಂದ ಕಣಗಳು ಕರಗಿ ಒಂದಕ್ಕೊಂದು ಬೆಸೆದುಕೊಂಡು, ಮೆರುಗಿಲ್ಲದೆಯೂ ಪಾತ್ರೆ ಸೋರದಂತಾಗುತ್ತದೆ. ನಮ್ಮ ಮನೆಗಳ ಉಪ್ಪಿನಕಾಯಿ ಜಾಡಿಯೂ ಈ ವರ್ಗಕ್ಕೇ ಸೇರಿದ್ದು. ಹುಳಿಗಾಗಲಿ ಉಪ್ಪಿಗಾಗಲಿ ಅದು ಜಗ್ಗದಿರುವುದಕ್ಕೂ ಸ್ಟೈನ್ ಬಿಯರಿನ ವಾಸನೆಯನ್ನು ಹೀರಿಕೊಳ್ಳದಿರುವುದಕ್ಕೂ ಕಾರಣ ಒಂದೇ. ಇಷ್ಟು ಶಾಖವನ್ನು ತಡೆಯಬಲ್ಲ ಜೇಡಿಮಣ್ಣು, ಆವಿಗೆಗೆ ಬೇಕಾದ ಸೌದೆಯ ಕಾಡು, ಸಾಗಣೆಗೆ ರೈನ್ ನದಿ ಮೂರೂ ಒಂದೆಡೆ ಸಿಕ್ಕಿದ್ದರಿಂದ ರೈನ್‌ಲ್ಯಾಂಡ್ ಈ ಕಸುಬಿನ ತವರಾಯಿತು.

ಆವಿಗೆ ಅತಿ ಹೆಚ್ಚಿನ ಶಾಖ ತಲುಪಿದಾಗ ಅಡುಗೆ ಉಪ್ಪನ್ನು ಒಳಗೆ ಎರಚುವುದು ಇಲ್ಲಿನ ಕುಂಬಾರರ ದೊಡ್ಡ ಶೋಧ. ಉಪ್ಪು ಆವಿಯಾಗಿ, ಅದರ ಸೋಡಿಯಂ ಮಣ್ಣಿನ ಸಿಲಿಕಾ ಮತ್ತು ಅಲ್ಯುಮಿನಾದೊಂದಿಗೆ ಕೂಡಿ, ಪಾತ್ರೆಯ ಮೇಲೆ ತೆಳುವಾದ ಗಾಜಿನ ಪೊರೆ ಕಟ್ಟುತ್ತದೆ. ಸಣ್ಣ ಸಣ್ಣ ಗುಳಿಗಳಿರುವ ಈ ಪೊರೆ ಉಬ್ಬುಚಿತ್ರದ ಗೆರೆಗಳನ್ನು ಮುಚ್ಚಿಹಾಕುವುದಿಲ್ಲ. ಬೆರಳಾಡಿಸಿದರೆ ಗುಳಿಗಳು ಕೈಗೆ ತಿಳಿಯುತ್ತವೆ.

ರೈನ್‌ಲ್ಯಾಂಡ್‌ನ ಕೇಂದ್ರಗಳು

ಸೀಗ್‌ಬುರ್ಗ್: ಇಲ್ಲಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ಕಡಿಮೆ, ಸುಟ್ಟ ಮೇಲೆ ಅದು ಬಿಳಿಗೆ ಹತ್ತಿರದ ತಿಳಿಬೂದು ಬಣ್ಣ ತಾಳುತ್ತದೆ. 16ನೆಯ ಶತಮಾನದ ನಡುಭಾಗದಿಂದ ಇಲ್ಲಿ ತಯಾರಾದ, ಬುಡದಿಂದ ಬಾಯಿಯ ಕಡೆಗೆ ಕಿರಿದಾಗುತ್ತ ಹೋಗುವ ಎತ್ತರದ ಪಾತ್ರೆಗಳಿಗೆ ಶ್ನೆಲ್ಲೆ ಎಂದು ಹೆಸರು. ಅಚ್ಚಿನಲ್ಲಿ ಒತ್ತಿ ತೆಗೆದ ತೆಳು ಮಣ್ಣಿನ ಉಬ್ಬುಚಿತ್ರಗಳನ್ನು ಇವುಗಳ ಮೈಗೆ ಉದ್ದುದ್ದಕ್ಕೆ ಅಂಟಿಸುತ್ತಿದ್ದರು. ಬೈಬಲಿನ ಪ್ರಸಂಗಗಳು, ರಾಜಮನೆತನಗಳ ಲಾಂಛನಗಳು, ಪುರಾಣದ ವೀರರು ಇವುಗಳ ವಸ್ತು. ಸೇಬಾಲ್ಡ್ ಬೇಹಾಮ್, ಹೈನ್ರಿಖ್ ಆಲ್ಡೆಗ್ರೇವರ್, ವಿರ್ಗಿಲ್ ಸೋಲಿಸ್ ಮುಂತಾದವರ ಮುದ್ರಿತ ಚಿತ್ರಗಳನ್ನು ನೋಡಿ ಅಚ್ಚು ಕೊರೆಯುತ್ತಿದ್ದುದರಿಂದ, ಪುಸ್ತಕ ಕೊಳ್ಳಲಾಗದವನ ಮೇಜಿಗೂ ಆ ಚಿತ್ರಗಳು ತಲುಪಿದವು. ಹಾನ್ಸ್ ಹಿಲ್ಗರ್ಸ್‌ನಂಥ ಕುಶಲಿಗರು ಚಿತ್ರದೊಳಗೆ ತಮ್ಮ ಹೆಸರಿನ ಮೊದಲಕ್ಷರಗಳನ್ನೂ ವರ್ಷವನ್ನೂ ಸೇರಿಸಿದ್ದಾರೆ.

ಕೊಲೋನ್ ಮತ್ತು ಫ್ರೆಖೆನ್: ಕಂದು ಮೆರುಗಿನ, ಕತ್ತಿನ ಮೇಲೆ ಗಡ್ಡದ ಮುಖ ಮೂಡಿಸಿದ ಬಾರ್ಟ್‌ಮನ್ ಹೂಜಿಗಳಿಂದ ಪ್ರಸಿದ್ಧವಾದವು. ಇವು ಕುಡಿಯುವುದಕ್ಕಿಂತ ಸುರಿಯಲು, ಸಾಗಿಸಲು ಬಳಕೆಯಾದವು. 1629ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಬಳಿ ಒಡೆದ ಡಚ್ಚರ ಬಟಾವಿಯಾ ಹಡಗಿನ ಅವಶೇಷಗಳಲ್ಲಿಯೂ ಇಂಥ ಹೂಜಿಗಳು ಸಿಕ್ಕಿವೆ. ರೈನ್‌ಲ್ಯಾಂಡ್‌ನ ಕುಂಬಾರಿಕೆಯ ಮಾರುಕಟ್ಟೆ ಎಷ್ಟು ದೂರ ಹಬ್ಬಿತ್ತೆಂಬುದಕ್ಕೆ ಇದು ಸಾಕ್ಷಿ.

ರೇರೆನ್: ಈಗ ಬೆಲ್ಜಿಯಂಗೆ ಸೇರಿದೆ. ಯಾನ್ ಎಮೆನ್ಸ್ ಮೆನ್ನಿಕೆನ್ ಇಲ್ಲಿನ ಅತ್ಯಂತ ಹೆಸರಾಂತ ಕುಂಬಾರ. ಹೊಟ್ಟೆಯ ಭಾಗದಲ್ಲಿ ನೇರವಾದ ಪಟ್ಟಿಯಿರುವ ಹೂಜಿಯನ್ನು ಅವನು ಪಳಗಿಸಿದ. ಆ ಪಟ್ಟಿಯ ಸುತ್ತ ಬೇಹಾಮ್‌ನ ಚಿತ್ರಗಳನ್ನು ಆಧರಿಸಿದ ರೈತರ ಕುಣಿತ ಸಾಗುತ್ತದೆ. ಒಂದೊಂದು ಕಮಾನಿನ ಕೆಳಗೆ ಒಂದೊಂದು ಜೋಡಿ. ಎತ್ತಿದ ಕಾಲು, ಹಾರುವ ಲಂಗ, ಹಿಂದೆ ಬಾಗಿದ ತಲೆ. ಪಾತ್ರೆ ತಿರುಗಿಸಿದಂತೆ ಕುಣಿತವೂ ಸುತ್ತು ಬರುತ್ತದೆ. ಚಪ್ಪಟೆ ಕಾಗದದ ಚಿತ್ರವನ್ನು ದುಂಡು ಪಾತ್ರೆಗೆ ಇಷ್ಟು ಸಹಜವಾಗಿ ಒಗ್ಗಿಸಿದ ಕುಸುರಿ ನವೋದಯ ಯುರೋಪಿನ ಕುಂಬಾರಿಕೆಯಲ್ಲಿ ಬಹಳ ಅಪರೂಪ.

ವೆಸ್ಟರ್‌ವಾಲ್ಡ್: 16ನೆಯ ಶತಮಾನದ ಕೊನೆಯ ಹೊತ್ತಿಗೆ ಸೀಗ್‌ಬುರ್ಗ್‌ನ ಕ್ನ್ಯೂಟ್‌ಗೆನ್ ಮನೆತನದವರೂ ರೇರೆನ್‌ನ ಮೆನ್ನಿಕೆನ್ ಮನೆತನದವರೂ ಹೋರ್, ಗ್ರೆನ್ಸ್‌ಹೌಸೆನ್, ಗ್ರೆನ್ಸೌ ಊರುಗಳ ಕಡೆಗೆ ವಲಸೆ ಬಂದರು. ಮೂವತ್ತು ವರ್ಷಗಳ ಯುದ್ಧದಲ್ಲಿ (1618–1648) ಸ್ವೀಡನ್ನಿನ ಸೈನ್ಯ ಸೀಗ್‌ಬುರ್ಗ್‌ನ ಕುಂಬಾರಿಕೆಯನ್ನು ಹಾಳುಗೆಡವಿದ ಮೇಲೆ ಮುಂದಾಳುತನ ವೆಸ್ಟರ್‌ವಾಲ್ಡ್‌ಗೇ ಬಂತು. ಬೂದು ಮೈಯ ಮೇಲೆ ಕೋಬಾಲ್ಟ್ ನೀಲಿ ಇಲ್ಲಿನ ಹೆಗ್ಗುರುತು. 17ನೆಯ ಶತಮಾನದಲ್ಲಿ ಮ್ಯಾಂಗನೀಸ್‌ನ ನೇರಳೆಯೂ ಸೇರಿತು. ಉಪ್ಪಿನ ಮೆರುಗಿನ ಕಡುಶಾಖವನ್ನು ತಾಳಬಲ್ಲ ಬಣ್ಣಗಳು ಬೆರಳೆಣಿಕೆಯಷ್ಟು ಮಾತ್ರ. ಆ ಮಿತಿಯೇ ವೆಸ್ಟರ್‌ವಾಲ್ಡ್‌ನ ಶೈಲಿಯಾಯಿತು. ಬ್ರಿಟನ್ನಿನ ಜಾರ್ಜ್ ದೊರೆಗಳ ಮೊದಲಕ್ಷರಗಳನ್ನು ಹೊತ್ತ ಪಾತ್ರೆಗಳು ಇಲ್ಲಿಂದ ಇಂಗ್ಲೆಂಡಿಗೂ ಅಮೆರಿಕದ ವಸಾಹತುಗಳಿಗೂ ಹೋದವು. ಕುಂಬಾರರ ನಾಡು ಎಂಬ ಅರ್ಥದ ಕಾನೆನ್‌ಬೆಕರ್‌ಲ್ಯಾಂಡ್ ಹೆಸರು ಈ ಪ್ರದೇಶಕ್ಕೆ ಇಂದಿಗೂ ಇದೆ.

ಕ್ರಾಯ್ಸೆನ್ ಮತ್ತು ಪೂರ್ವದ ಊರುಗಳು

ಬವೇರಿಯದ ಕ್ರಾಯ್ಸೆನ್‌ನಲ್ಲಿ 17ನೆಯ ಶತಮಾನದಲ್ಲಿ ಕುಳ್ಳಗಿನ, ಅಗಲವಾದ, ಕಡುಕಂದು ಬಣ್ಣದ ಸ್ಟೈನ್‌ಗಳು ತಯಾರಾದವು. ಫೆಸ್ಟ್ ಮನೆತನದ ಹೆಸರು ಇವುಗಳೊಂದಿಗೆ ಬೆಸೆದುಕೊಂಡಿದೆ. ಸುಟ್ಟ ಪಾತ್ರೆಯ ಮೇಲೆ ಎನಾಮೆಲ್ ಬಣ್ಣ ಹಚ್ಚಿ, ಎರಡನೆಯ ಬಾರಿ ಕಡಿಮೆ ಶಾಖದಲ್ಲಿ ಸುಡುವ ಕ್ರಮದಿಂದ ಕೆಂಪು, ಹಳದಿ, ಹಸಿರು, ಬಿಳಿ ಬಣ್ಣಗಳು ಕಂದು ಹಿನ್ನೆಲೆಯ ಮೇಲೆ ಎದ್ದು ಕಾಣುವಂತಾದವು. ಯೇಸುವಿನ ಹನ್ನೆರಡು ಶಿಷ್ಯರ ಚಿತ್ರವಿರುವ ಅಪೊಸ್ತಲ ಸ್ಟೈನ್, ಗ್ರಹಗಳ ಸ್ಟೈನ್, ಬೇಟೆಯ ಸ್ಟೈನ್ ಇವು ಇಲ್ಲಿನ ಪ್ರಸಿದ್ಧ ಬಗೆಗಳು. ಸ್ಯಾಕ್ಸನಿಯ ಆನಾಬೆರ್ಗ್ ಮತ್ತು ಫ್ರೈಬೆರ್ಗ್ ಹೆಸರಿನಲ್ಲಿ ಗುರುತಾಗುವ ಎನಾಮೆಲ್ ಸ್ಟೈನ್‌ಗಳು, ಮುಸ್ಕೌ, ಬುನ್ಸ್‌ಲೌ, ಆಲ್ಟೆನ್‌ಬುರ್ಗ್‌ನ ಸ್ಟೋನ್‌ವೇರ್ ಇವಕ್ಕೂ ಪ್ರತ್ಯೇಕ ಶೈಲಿಗಳಿವೆ. ಸಣ್ಣ ಮಣ್ಣಿನ ಮಣಿಗಳನ್ನು ಸಾಲಾಗಿ ಅಂಟಿಸಿ ಚಿತ್ರ ಮೂಡಿಸುವುದು ಆಲ್ಟೆನ್‌ಬುರ್ಗ್‌ನ ವಿಶೇಷ.

ಫಯಾನ್ಸ್ ಮತ್ತು ಪಿಂಗಾಣಿ

ಚೀನಾದ ನೀಲಿ–ಬಿಳಿ ಪಿಂಗಾಣಿಯ ಮೋಹ ಯುರೋಪನ್ನು ಆವರಿಸಿದಾಗ, ಅದರ ರಹಸ್ಯ ತಿಳಿಯದ ಜರ್ಮನ್ ಕುಂಬಾರರು ತವರದ ಆಕ್ಸೈಡ್ ಬೆರೆತ ಬಿಳಿ ಮೆರುಗಿನ ಫಯಾನ್ಸ್‌ನತ್ತ ತಿರುಗಿದರು. 1661ರಲ್ಲಿ ಹಾನೌ, 1666ರಲ್ಲಿ ಫ್ರಾಂಕ್‌ಫರ್ಟ್, ಮುಂದಿನ ಶತಮಾನದ ಆರಂಭದಲ್ಲಿ ಆನ್ಸ್‌ಬಾಖ್, ನ್ಯೂರೆಂಬರ್ಗ್, ಬೈರಾಯ್ಟ್ ಊರುಗಳಲ್ಲಿ ಕಾರ್ಖಾನೆಗಳು ಎದ್ದವು. ನೇರ ಕೊಳವೆಯಾಕಾರದ ವಾಲ್ಸೆನ್‌ಕ್ರೂಗ್ ಈ ಕಾಲದ ಮುಖ್ಯ ರೂಪ. ಫಯಾನ್ಸ್‌ನ ಮೈ ಮೆದು, ಮೆರುಗು ಬೇಗ ಚಕ್ಕೆ ಏಳುತ್ತದೆ; ಅದಕ್ಕಾಗಿ ಬುಡಕ್ಕೆ ಪ್ಯೂಟರ್ ಬಳೆ ತೊಡಿಸುತ್ತಿದ್ದರು. ಹಕ್ಕಿ, ಹೂ, ಸಂತರ ಚಿತ್ರ, ಕಸುಬಿನ ಉಪಕರಣ, ಜಿಗಿಯುವ ಕುದುರೆ ಇವುಗಳನ್ನು ಬಿಡುಬೀಸಾದ ಕುಂಚದಿಂದ ಬಿಡಿಸಿದ ಈ ಸ್ಟೈನ್‌ಗಳಲ್ಲಿ ಜನಪದ ಕಲೆಯ ಲವಲವಿಕೆ ತುಂಬಿದೆ. 18ನೆಯ ಶತಮಾನದ ಕೊನೆಯಲ್ಲಿ ಅಗ್ಗವಾಗಿಯೂ ಗಟ್ಟಿಯಾಗಿಯೂ ಇದ್ದ ಇಂಗ್ಲೆಂಡಿನ ಕ್ರೀಮ್‌ವೇರ್ ಮಾರುಕಟ್ಟೆಗೆ ನುಗ್ಗಿದಾಗ ಫಯಾನ್ಸ್ ಹಿಂದೆ ಸರಿಯಿತು.

1710ರಲ್ಲಿ ಮೈಸೆನ್ ಕಾರ್ಖಾನೆ ಆರಂಭವಾದ ಮೇಲೆ ಅಸಲಿ ಪಿಂಗಾಣಿಯ ಸ್ಟೈನ್‌ಗಳೂ ಬಂದವು. ಬೆಲೆಯ ಕಾರಣದಿಂದ ಅವು ಶ್ರೀಮಂತರ ಮೇಜಿಗೇ ಸೀಮಿತವಾದವು.

ಗಾಜು, ಲೋಹ ಮತ್ತು ಮರ

16–17ನೆಯ ಶತಮಾನದ ದೊಡ್ಡ ಎನಾಮೆಲ್ ಗಾಜಿನ ಪಾತ್ರೆಗಳಲ್ಲಿ ರೈಖ್ಸ್‌ಆಡ್ಲರ್‌ಹುಂಪೆನ್ ಹೆಸರುವಾಸಿ. ಪವಿತ್ರ ರೋಮನ್ ಸಾಮ್ರಾಜ್ಯದ ಎರಡು ತಲೆಯ ಹದ್ದು ರೆಕ್ಕೆ ಬಿಚ್ಚಿ ನಿಂತು, ರೆಕ್ಕೆಗಳ ಮೇಲೆ ಸಾಮ್ರಾಜ್ಯದ ಅಂಗರಾಜ್ಯಗಳ 56 ಲಾಂಛನಗಳನ್ನು ಹೊತ್ತಿರುತ್ತದೆ. 19ನೆಯ ಶತಮಾನದಲ್ಲಿ ಬೊಹಿಮಿಯದ ಕೊರೆದ ಗಾಜು, ಬಣ್ಣದ ಪದರದ ಗಾಜು ಜನಪ್ರಿಯವಾದವು. ಆಗ್ಸ್‌ಬರ್ಗ್, ನ್ಯೂರೆಂಬರ್ಗ್‌ಗಳ ಅಕ್ಕಸಾಲಿಗರು ಬೆಳ್ಳಿಯ ಸ್ಟೈನ್‌ಗಳನ್ನು ಮಾಡಿದರೆ, ದಕ್ಷಿಣ ಜರ್ಮನಿಯ ಕುಸುರಿಗಾರರು ಆನೆಯ ದಂತದ ಕೊಳವೆಯ ಮೇಲೆ ದೇವತೆಗಳ ಮೆರವಣಿಗೆ ಕೆತ್ತಿದರು. ಸ್ಯಾಕ್ಸನಿಯ ಸೋಬ್ಲಿಟ್ಸ್‌ನಲ್ಲಿ ಸರ್ಪೆಂಟೈನ್ ಕಲ್ಲನ್ನು ಕಡೆದು ಸ್ಟೈನ್ ಮಾಡುತ್ತಿದ್ದರು. ಮರದ ಪಟ್ಟಿಗಳನ್ನು ಜೋಡಿಸಿ ಅವುಗಳೊಳಗೆ ಪ್ಯೂಟರ್ ಬಳ್ಳಿಗಳನ್ನು ಕೂರಿಸಿದ ಡೌಬೆನ್‌ಕ್ರೂಗ್ ಕೂಡ ಸಂಗ್ರಾಹಕರಿಗೆ ಪ್ರಿಯ. ವೃತ್ತಿಸಂಘಗಳ ಸಭೆಗಳಲ್ಲಿ ಬಳಸುತ್ತಿದ್ದ, ಸದಸ್ಯರ ಹೆಸರು ಕೆತ್ತಿದ ಬೃಹತ್ ಪ್ಯೂಟರ್ ಪಾತ್ರೆಗಳು ಸಾಮೂಹಿಕ ಒಡೆತನದ ಅಪರೂಪದ ಉದಾಹರಣೆಗಳು.

19ನೆಯ ಶತಮಾನ: ಕಾರ್ಖಾನೆಗಳ ಯುಗ

1871ರಲ್ಲಿ ಜರ್ಮನಿ ಒಂದಾದ ಮೇಲೆ ಹಳೆಯ ಜರ್ಮನ್ ವೈಭವದ ಹಂಬಲ ಎಲ್ಲ ಕಲೆಗಳಲ್ಲಿಯೂ ಕಾಣಿಸಿಕೊಂಡಿತು. ವೆಸ್ಟರ್‌ವಾಲ್ಡ್‌ನ ರೈನ್‌ಹೋಲ್ಡ್ ಹಾಂಕೆ ಮುಂತಾದ ತಯಾರಕರು ನವೋದಯ ಕಾಲದ ಮಾದರಿಗಳನ್ನು ಮತ್ತೆ ಅಚ್ಚಿಗಿಳಿಸಿದರು. ಗೆರ್ಟ್ಸ್, ಮೆರ್ಕೆಲ್‌ಬಾಖ್ ಉಂಡ್ ವಿಕ್, ಮಾರ್ಟ್ಸಿ ಉಂಡ್ ರೆಮಿ, ಟೇವಾಲ್ಟ್ ಮುಂತಾದ ಸಂಸ್ಥೆಗಳು ಉಬ್ಬುಚಿತ್ರದ ಸ್ಟೈನ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದವು. 1872ರಲ್ಲಿ ಮೆಟ್ರಿಕ್ ಅಳತೆ ಜಾರಿಯಾದ ಮೇಲೆ ಹಳೆಯ 1.069 ಲೀಟರಿನ ಬವೇರಿಯದ ಮಾಸ್ ಅಳತೆ ಒಂದು ಲೀಟರಿಗೆ ಇಳಿಯಿತು; ಪಾತ್ರೆಗಳ ಮೇಲೆ ಲೀಟರ್ ಗುರುತಿನ ಗೆರೆ ಬಂತು.

ಈ ಯುಗದ ಶಿಖರ ಮೆಟ್ಲಾಖ್. ಸಾರ್ ನದಿಯ ದಡದ ಹಳೆಯ ಬೆನೆಡಿಕ್ಟೈನ್ ಮಠವನ್ನು ಜಾನ್ ಫ್ರಾನ್ಸ್ವಾ ಬಾಖ್ 1809ರಲ್ಲಿ ಕೊಂಡು ಅಲ್ಲಿ ಕಾರ್ಖಾನೆ ತೆರೆದ. 1836ರಲ್ಲಿ ಬಾಖ್ ಮತ್ತು ವಿಲೆರಾಯ್ ಮನೆತನಗಳ ಉದ್ಯಮಗಳು ಒಂದಾಗಿ ವಿಲೆರಾಯ್ ಅಂಡ್ ಬಾಖ್ ಆಯಿತು. ಸುಮಾರು 1880ರಿಂದ 1910ರವರೆಗಿನದು ಇದರ ಸ್ಟೈನ್‌ಗಳ ಸುವರ್ಣಕಾಲ. ಸಂಗ್ರಾಹಕರು ‘ಎಚ್ಡ್’ ಎಂದು ಕರೆಯುವ ಕ್ರೋಮೊಲಿತ್ ಬಗೆ ಎಲ್ಲಕ್ಕಿಂತ ಪ್ರಸಿದ್ಧ. ಇದರಲ್ಲಿ ಪ್ರತಿ ಆಕೃತಿಯನ್ನೂ ಸಣ್ಣ ಕಪ್ಪು ಗೆರೆ ಸುತ್ತುವರಿದಿರುತ್ತದೆ. ಗೆರೆಗಳ ನಡುವೆ ಬಣ್ಣದ ಮಣ್ಣು ತುಂಬಿರುತ್ತದೆ. ಉಗುರಿನ ತುದಿ ಸರಿಸಿದರೆ ಗೆರೆಯ ಕುಳಿ ತಿಳಿಯುತ್ತದೆ. ಮೆರುಗಿನ ಕೆಳಗೆ ಮುದ್ರಿಸಿದ ಚಿತ್ರದ ಅಗ್ಗದ ಬಗೆಯಲ್ಲಿ ಮೈ ನುಣುಪು. ಅರೆಪಾರದರ್ಶಕ ಬಿಳಿ ಆಕೃತಿಗಳ ಫಾನೊಲಿತ್ ಬಗೆಯಲ್ಲಿ ಜಾನ್ ಬ್ಯಾಪ್ಟಿಸ್ಟ್ ಸ್ಟಾಲ್ ಪಳಗಿದವನು. ಕುಬ್ಜರ ಲೋಕವನ್ನು ಚಿತ್ರಿಸಿದ ಹೈನ್ರಿಖ್ ಶ್ಲಿಟ್, ಕ್ರಿಸ್ಟಿಯನ್ ವಾರ್ಟ್, ಫ್ರಿಟ್ಸ್ ಕ್ವಿಡೆನುಸ್, ಲಾಂಛನಕಲೆಯ ಒಟ್ಟೊ ಹುಪ್ ಇಲ್ಲಿನ ಪ್ರಮುಖ ವಿನ್ಯಾಸಕಾರರು. 1921ರಲ್ಲಿ ಮೆಟ್ಲಾಖ್‌ನಲ್ಲಿ ಬೆಂಕಿ ಬಿದ್ದು ಅಚ್ಚುಗಳೂ ದಾಖಲೆಗಳೂ ನಾಶವಾದವು.

ಇದೇ ಕಾಲದಲ್ಲಿ ತುರಿಂಗಿಯದ ಪ್ಲಾವೆಯಲ್ಲಿದ್ದ ಶೀರ್‌ಹೋಲ್ಟ್ಸ್ ಕಾರ್ಖಾನೆ ಸನ್ಯಾಸಿ, ಮಂಗ, ಮೂಲಂಗಿ ಮುಂತಾದ ಆಕೃತಿಗಳನ್ನೇ ಪಾತ್ರೆಯಾಗಿಸಿದ ಪಿಂಗಾಣಿ ಸ್ಟೈನ್‌ಗಳನ್ನು ಮಾಡಿತು. ಹೊಸ ಶತಮಾನದ ಯುಗೆಂಡ್‌ಸ್ಟೀಲ್ ಎಂಬ ಕಲಾಶೈಲಿಯ ಅಲೆಯಲ್ಲಿ ರಿಚರ್ಡ್ ರೀಮರ್‌ಶ್ಮಿಡ್ ರೈನ್‌ಹೋಲ್ಡ್ ಮೆರ್ಕೆಲ್‌ಬಾಖ್ ಸಂಸ್ಥೆಗಾಗಿ ಸರಳ ಜ್ಯಾಮಿತಿಯ ವಿನ್ಯಾಸಗಳನ್ನು ರೂಪಿಸಿ, ಬೂದು–ನೀಲಿಯ ಹಳೆಯ ಮಣ್ಣಿಗೆ ಆಧುನಿಕ ರೂಪ ಕೊಟ್ಟ.

ಸಿಪಾಯಿಗಳ ಸ್ಟೈನ್

ಕಡ್ಡಾಯ ಸೇನಾಸೇವೆ ಮುಗಿಸಿ ಮೀಸಲು ಪಡೆಗೆ ಸೇರುವ ಯುವಕರು ನೆನಪಿಗಾಗಿ ಮಾಡಿಸಿಕೊಳ್ಳುತ್ತಿದ್ದ ರೆಸರ್ವಿಸ್ಟೆನ್‌ಕ್ರೂಗ್ 1914ಕ್ಕೆ ಮುಂಚಿನ ಎರಡು ಮೂರು ದಶಕಗಳ ವಿಶಿಷ್ಟ ವಸ್ತು. ಇಂಥದೊಂದರ ಮೇಲೆ ಓದಲು ಸಿಗುವುದು ಬಹಳ: ಸಿಪಾಯಿಯ ಹೆಸರು, ದಳದ ಸಂಖ್ಯೆ, ಠಾಣ್ಯದ ಊರು, ಸೇವೆಯ ವರ್ಷಗಳು, ಹಿಡಿಯ ಎರಡೂ ಪಕ್ಕ ಜೊತೆಗಾರರ ಹೆಸರಿನ ಪಟ್ಟಿ, ನಡುವೆ ಕವಾಯತು ಅಥವಾ ಬೀಳ್ಕೊಡುಗೆಯ ಚಿತ್ರಗಳು. ಮುಚ್ಚಳದ ಮೇಲಿನ ಎರಕದ ಗೊಂಬೆ ದಳಕ್ಕೆ ತಕ್ಕಂತೆ ಬದಲಾಗುತ್ತದೆ. ಅಶ್ವದಳಕ್ಕೆ ಸವಾರ, ಫಿರಂಗಿದಳಕ್ಕೆ ತೋಪು. ಹೆಬ್ಬೆರಳಿನ ಮೆಟ್ಟು ಪ್ರಷ್ಯದವನಿಗೆ ಹದ್ದು, ಬವೇರಿಯದವನಿಗೆ ಸಿಂಹ. ಪಿಂಗಾಣಿಯದಾದರೆ ತಳದಲ್ಲಿ ಲಿತೊಫೇನ್ ಇರುತ್ತದೆ. ಪಾತ್ರೆ ಬರಿದಾದಾಗ ಬೆಳಕಿಗೆ ಹಿಡಿದರೆ ತಳದ ದಪ್ಪ–ತೆಳುವಿನ ವ್ಯತ್ಯಾಸವೇ ಚಿತ್ರವಾಗಿ ಮೂಡುತ್ತದೆ. ಜೊತೆಗಾರರ ಪಟ್ಟಿಗಳಲ್ಲಿರುವ ಎಷ್ಟೋ ಹೆಸರುಗಳು ಮೊದಲ ಮಹಾಯುದ್ಧಕ್ಕೆ ಹೊರಟ ಪೀಳಿಗೆಗೆ ಸೇರಿದವು. ವಂಶಾವಳಿ ಹುಡುಕುವವರಿಗೂ ಸೇನಾ ಇತಿಹಾಸಕಾರರಿಗೂ ಇವು ಉಪಯುಕ್ತ ದಾಖಲೆ.

ಕಸುಬಿನ ಸ್ಟೈನ್‌ಗಳು, ವಿದ್ಯಾರ್ಥಿ ಸಂಘಗಳ ಲಾಂಛನದ ಸ್ಟೈನ್‌ಗಳು, ಬ್ರೂವರಿಗಳ ಗುರುತಿನ ಸ್ಟೈನ್‌ಗಳು ಇದೇ ಕಾಲದ ಇತರ ಬಗೆಗಳು. ಮೊದಲ ಮಹಾಯುದ್ಧದಲ್ಲಿ ತವರದ ಅಭಾವ ಉಂಟಾದಾಗ ಸರ್ಕಾರ ಬಿಯರ್ ಪಾತ್ರೆಗಳ ಮುಚ್ಚಳಗಳನ್ನೂ ವಶಪಡಿಸಿಕೊಂಡಿತು. ಹೊಯ್ದ ಬಿಯರಿನ ಮಟ್ಟ ಕಣ್ಣಿಗೆ ಕಾಣುವ ಗಾಜಿನ ಮಗ್ಗುಗಳು ಅಷ್ಟರೊಳಗೆ ಬಿಯರ್ ಅಂಗಳಗಳನ್ನು ಆಕ್ರಮಿಸಿದ್ದವು. ಸ್ಟೈನ್ ನಿತ್ಯಬಳಕೆಯಿಂದ ಕಪಾಟಿಗೆ ಸರಿದದ್ದು ಹೀಗೆ.

ಸಂಗ್ರಹದ ಇತಿಹಾಸ

ಹಳೆಯ ಸ್ಟೋನ್‌ವೇರ್‌ನ ಗಂಭೀರ ಸಂಗ್ರಹ 19ನೆಯ ಶತಮಾನದಲ್ಲಿ ಶುರುವಾಯಿತು. ಎಂ. ಎಲ್. ಸೊಲೋನ್ 1892ರಲ್ಲಿ, ಒಟ್ಟೊ ಫಾನ್ ಫಾಲ್ಕೆ 1908ರಲ್ಲಿ ಪ್ರಕಟಿಸಿದ ಗ್ರಂಥಗಳು ವರ್ಗೀಕರಣಕ್ಕೆ ತಳಹದಿ ಹಾಕಿದವು. 1997ರ ಡೇವಿಡ್ ಗೈಮ್‌ಸ್ಟರ್ ಕೃತಿ ಉತ್ಖನನದ ಸಾಕ್ಷ್ಯಗಳನ್ನು ಸೇರಿಸಿ ಆ ಅಧ್ಯಯನವನ್ನು ಮುಂದುವರಿಸಿತು. ಲಾರೆನ್ಸ್ ಹೈನ್ರಿಖ್ ಹೆಟ್ಯೆನ್ಸ್ ಕೂಡಿಹಾಕಿದ ರೈನ್‌ಲ್ಯಾಂಡ್ ಸ್ಟೋನ್‌ವೇರ್ ಡ್ಯುಸೆಲ್‌ಡಾರ್ಫ್‌ನಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯವಾಗಿ ಬೆಳೆಯಿತು. ಹೋರ್–ಗ್ರೆನ್ಸ್‌ಹೌಸೆನ್‌ನ ವೆಸ್ಟರ್‌ವಾಲ್ಡ್ ಸಿರಾಮಿಕ್ ಮ್ಯೂಸಿಯಂ, ರೇರೆನ್ ಕೋಟೆಯ ಕುಂಬಾರಿಕೆ ಮ್ಯೂಸಿಯಂ, ಮ್ಯೂನಿಕ್‌ನ ಬವೇರಿಯನ್ ರಾಷ್ಟ್ರೀಯ ಮ್ಯೂಸಿಯಂ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮತ್ತು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗಳಲ್ಲಿ ಮಹತ್ವದ ಸಂಗ್ರಹಗಳಿವೆ. ಜರ್ಮನ್ ವಲಸಿಗರಿಂದಲೂ ಎರಡನೆಯ ಮಹಾಯುದ್ಧದ ಬಳಿಕ ಜರ್ಮನಿಯಲ್ಲಿ ಬೀಡುಬಿಟ್ಟಿದ್ದ ಸೈನಿಕರಿಂದಲೂ ಅಮೆರಿಕಕ್ಕೆ ಅಪಾರ ಸಂಖ್ಯೆಯ ಸ್ಟೈನ್‌ಗಳು ಸೇರಿದವು. 1965ರಲ್ಲಿ ಸ್ಥಾಪನೆಯಾದ ಸ್ಟೈನ್ ಕಲೆಕ್ಟರ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ತನ್ನ ಪತ್ರಿಕೆ ಮತ್ತು ಸಮ್ಮೇಳನಗಳ ಮೂಲಕ ಈ ಕ್ಷೇತ್ರಕ್ಕೆ ಶಿಸ್ತು ತಂದಿದೆ.

ಗುರುತಿಸುವ ಕ್ರಮ

ಅನುಭವಿಗಳು ಮೊದಲು ನೋಡುವುದು ತಳವನ್ನು. ತಿರುಗುವ ತಿಗರಿಯಿಂದ ಪಾತ್ರೆಯನ್ನು ತಂತಿಯಲ್ಲಿ ಕೊಯ್ದು ತೆಗೆದಾಗ ಉಳಿಯುವ ಬಾಗಿದ ಗೆರೆಗಳು ಹಳೆಯ ಕೈಕೆಲಸವನ್ನು ಸೂಚಿಸುತ್ತವೆ. ಮೈಯಲ್ಲಿ ಮೇಲಿಂದ ಕೆಳಕ್ಕೆ ಅಚ್ಚಿನ ಜೋಡಣೆಯ ಗೆರೆ ಕಂಡರೆ ಅದು ಕಾರ್ಖಾನೆಯ ಕಾಲದ್ದು. ಮೆಟ್ಲಾಖ್‌ನ ತಳದಲ್ಲಿ ಸಂಸ್ಥೆಯ ಮುದ್ರೆ, ಮಾದರಿಯ ಸಂಖ್ಯೆ, ವರ್ಷದ ಕೊನೆಯ ಎರಡು ಅಂಕಿ ಒತ್ತಿರುತ್ತವೆ. 95 ಎಂದಿದ್ದರೆ 1895. ‘ಜರ್ಮನಿ’ ಎಂಬ ಇಂಗ್ಲಿಷ್ ಬರಹ ರಫ್ತಿನ ಸುಳಿವು. ಆಮದು ವಸ್ತುವಿನ ಮೇಲೆ ದೇಶದ ಹೆಸರು ಇರಬೇಕೆಂಬ ಅಮೆರಿಕದ 1890ರ ಸುಂಕ ಕಾನೂನಿನ ಬಳಿಕ ಇದು ಹೆಚ್ಚಾಯಿತು. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949ರಿಂದ 1990ರ ನಡುವಿನದು.

ಮುಚ್ಚಳವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಒಡೆದ ಪಾತ್ರೆಯ ಮುಚ್ಚಳ ಇನ್ನೊಂದಕ್ಕೆ ಏರಿರಬಹುದು. ಕೆತ್ತಿದ ವರ್ಷ ಪಾತ್ರೆಗಿಂತ ಈಚಿನದಿರಬಹುದು. ಬಾಯಿಗೂ ಮುಚ್ಚಳಕ್ಕೂ ಅಳತೆ ಕೂಡದಿದ್ದರೆ, ಹಿಡಿಯ ಪಟ್ಟಿಯಲ್ಲಿ ಹೊಸ ಬೆಸುಗೆ ಕಂಡರೆ ಎಚ್ಚರ ವಹಿಸಬೇಕು. ಕೂದಲೆಳೆಯ ಬಿರುಕಿದ್ದರೆ ಬೆರಳಿನಿಂದ ತಟ್ಟಿದಾಗ ಸದ್ದು ಮಂಕಾಗುತ್ತದೆ. ಆಮೇಲೆ ಹಚ್ಚಿದ ಬಣ್ಣ, ತುಂಬಿದ ಚಕ್ಕೆಗಳು ಅತಿನೇರಳೆ ದೀಪದ ಕೆಳಗೆ ಬೇರೆಯಾಗಿ ಹೊಳೆಯುವುದುಂಟು.

19ನೆಯ ಶತಮಾನದಲ್ಲಿ ಮರುಸೃಷ್ಟಿಯಾದ ಸೀಗ್‌ಬುರ್ಗ್, ರೇರೆನ್ ಮಾದರಿಗಳು ತಯಾರಾದಾಗ ಮೋಸದ ಉದ್ದೇಶದವಲ್ಲ. ಮಾರಾಟದಿಂದ ಮಾರಾಟಕ್ಕೆ ಸಾಗುವಾಗ ಅವು 300 ವರ್ಷ ಹಿಂದಿನವೆಂದು ಹೆಸರು ಪಡೆದುಬಿಡುತ್ತವೆ. ಚಿತ್ರದ ಮೇಲೆ 1570ರ ದಶಕದ ವರ್ಷವಿದ್ದ ಮಾತ್ರಕ್ಕೆ ಪಾತ್ರೆ ಆ ಕಾಲದ್ದಾಗುವುದಿಲ್ಲ. ಅಚ್ಚಿನೊಂದಿಗೆ ವರ್ಷವೂ ನಕಲಾಗುತ್ತದೆ. ಸಿಪಾಯಿಗಳ ಸ್ಟೈನ್‌ಗಳ ನಕಲುಗಳು ಎರಡನೆಯ ಮಹಾಯುದ್ಧದ ಬಳಿಕ ಪ್ರವಾಸಿಗರಿಗಾಗಿ ಹೇರಳವಾಗಿ ತಯಾರಾದವು. ತಳದ ಲಿತೊಫೇನ್‌ನಲ್ಲಿ ಬೆತ್ತಲೆ ಹೆಣ್ಣಿನ ಚಿತ್ರವಿದ್ದರೆ ಸಾಮಾನ್ಯವಾಗಿ ಅದು ಇಂಥ ನಕಲು. ದಳದ ಸಂಖ್ಯೆಗೂ ಠಾಣ್ಯದ ಊರಿಗೂ ಮುಚ್ಚಳದ ಗೊಂಬೆಗೂ ಹೊಂದಾಣಿಕೆ ಇದೆಯೇ ಎಂದು ಆ ಕಾಲದ ಸೇನಾ ಪಟ್ಟಿಗಳೊಂದಿಗೆ ತಾಳೆ ನೋಡುವುದು ನಂಬಲರ್ಹ ವಿಧಾನ.

ಬೆಲೆ ಮತ್ತು ಸಂರಕ್ಷಣೆ

ಬೆಲೆ ನಿಂತಿರುವುದು ವಯಸ್ಸೊಂದರ ಮೇಲಲ್ಲ. ತಯಾರಿಕೆಯ ಕೇಂದ್ರ, ವಿನ್ಯಾಸದ ಅಪರೂಪ, ಮೂಲ ಮುಚ್ಚಳ, ಬಿರುಕಿಲ್ಲದ ಮೈ, ಒಡೆತನದ ಹಿನ್ನೆಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸಾವಿರಗಟ್ಟಲೆ ತಯಾರಾದ ಸಾಮಾನ್ಯ ಉಬ್ಬುಚಿತ್ರದ ಸ್ಟೈನ್ ನೂರು ವರ್ಷ ದಾಟಿದ್ದರೂ ಅಗ್ಗವಾಗಿ ಸಿಗುತ್ತದೆ. ಹೊಸದಾಗಿ ಸಂಗ್ರಹಕ್ಕೆ ಇಳಿಯುವವರಿಗೆ ಕೈ ಪಳಗಿಸಿಕೊಳ್ಳಲು ಅದೇ ತಕ್ಕದ್ದು.

ಹಳೆಯ ಸ್ಟೈನ್‌ಗಳನ್ನು ಡಿಶ್‌ವಾಶರ್‌ಗೆ ಹಾಕಬಾರದು. ಉಗುರುಬೆಚ್ಚನೆಯ ನೀರು, ಮೆದು ಸೋಪು, ಮೆತ್ತನೆ ಬಟ್ಟೆ ಸಾಕು. ಫಯಾನ್ಸ್ ಪಾತ್ರೆಯನ್ನು ನೀರಿನಲ್ಲಿ ನೆನೆಸಿಡಬಾರದು; ಮೆರುಗಿನ ಸೀಳುಗಳಿಂದ ನೀರು ಒಳಗಿಳಿದು ಕಲೆ ಬೀಳುತ್ತದೆ. ಪ್ಯೂಟರ್ ಮೇಲೆ ಕಾಲ ಕಟ್ಟಿದ ಮಂಕು ಬಣ್ಣವನ್ನು ಉಜ್ಜಿ ಹೊಳೆಯಿಸಿದರೆ ಕೆತ್ತನೆಯ ಅಂಚು ಸವೆದು, ವಯಸ್ಸಿನ ಸಾಕ್ಷ್ಯವೂ ಬೆಲೆಯೂ ಕುಗ್ಗುತ್ತವೆ. ಮುಚ್ಚಳ ಹಿಡಿದು ಪಾತ್ರೆ ಎತ್ತುವುದು ಕೀಲಿಗೆ ಅಪಾಯ. ಹಳೆಯ ಪ್ಯೂಟರ್‌ನಲ್ಲಿ ಸೀಸವಿರಬಹುದಾದ್ದರಿಂದ ಇವನ್ನು ನಿತ್ಯದ ಕುಡಿತಕ್ಕೆ ಬಳಸದಿರುವುದು ಆರೋಗ್ಯಕ್ಕೆ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಪಾತ್ರೆ ಎಲ್ಲಿಂದ ಯಾರ ಕೈಯಿಂದ ಬಂತೆಂಬ ವಿವರವನ್ನು ಸಂಗ್ರಾಹಕರು ಬರೆದಿಡಬೇಕು. ಒಡೆಯನ ಹೆಸರು ಹೊತ್ತೇ ಹುಟ್ಟಿದ ವಸ್ತುವಿನ ಮುಂದಿನ ಒಡೆತನದ ದಾಖಲೆ ಕಡಿದುಹೋದರೆ, ಅದು ಹೇಳಬಹುದಾಗಿದ್ದ ಇತಿಹಾಸದ ದೊಡ್ಡ ಪಾಲು ಮತ್ತೆ ದೊರೆಯುವುದಿಲ್ಲ.